ಕಾವಿ, ಅರಿಶಿನ, ಕೆನೆ: ಈ ಮೂರೇ ಬಣ್ಣದಲ್ಲಿ ಮನೆ, ಸೀರೆ, ಪತ್ರಿಕೆ ಎಲ್ಲಾ ಮಾಡಬಹುದಾ?

ಹೊಸ್ತಿಲು, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗಿಲಾವು ಮುಗಿದಿದೆ. ನೆಲ, ಬಣ್ಣ, ದೀಪ ಬಾಕಿ. ವೈಶಾಖದಲ್ಲಿ ಗೃಹಪ್ರವೇಶ.

ನನ್ನ ಮನಸ್ಸಿನಲ್ಲಿ ಇರುವುದು ಮೂರೇ ಬಣ್ಣ. ಕಾವಿ ಕೆಂಪು, ಅರಿಶಿನದ ಹಳದಿ, ಕೆನೆ ಬಿಳಿ. ಎಲ್ಲೋ ಫೋಟೊ ನೋಡಿ ಹುಟ್ಟಿದ ಆಸೆ ಅಲ್ಲ ಇದು. ನಮ್ಮ ಅಜ್ಜಿಯ ಮನೆಯಲ್ಲಿ ಕಾವಿ ನೆಲ ಇತ್ತು, ಸುಣ್ಣದ ಗೋಡೆ ಇತ್ತು, ಹೊಸ್ತಿಲಿಗೆ ದಿನಾ ಅರಿಶಿನ ಹಚ್ಚುತ್ತಿದ್ದರು. ಆ ಮನೆ ಈಗ ಇಲ್ಲ. ಬೇಸಿಗೆ ರಜೆಯಲ್ಲಿ ಆ ನೆಲದ ಮೇಲೆ ಚಾಪೆ ಇಲ್ಲದೆ ಮಲಗಿದ ತಂಪು ಇನ್ನೂ ಬೆನ್ನಿಗೆ ನೆನಪಿದೆ.

ಹಾಗಾಗಿ ಮನೆಯ ಒಳಗೆ, ಗೃಹಪ್ರವೇಶದ ಪತ್ರಿಕೆಯಲ್ಲಿ, ಆವತ್ತು ಉಡುವ ಬಟ್ಟೆಯಲ್ಲಿ ಇದೇ ಮೂರು ಬಣ್ಣ ಇರಲಿ ಅಂತ ಆಸೆ. ಆದರೆ ನಮ್ಮ ಮನೆಯವರು "ಕೆಂಪು ಹಳದಿ ಸೇರಿದರೆ ನವೆಂಬರ್ ಒಂದರ ಪೆಂಡಾಲಿನ ಹಾಗೆ ಕಾಣುತ್ತದೆ" ಅಂತಾರೆ. ಪೇಂಟಿಂಗ್ ಮಾಡುವವರು "ಪಡಸಾಲೆ ಸಣ್ಣದಾಗಿ ಕಾಣುತ್ತೆ, ಬೇಡಿ ಮೇಡಂ" ಅಂತಾರೆ. ಪಡಸಾಲೆ 14×12 ಅಡಿ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ.

ನೋಡೇಬಿಡೋಣ ಅಂತ ಪಡಸಾಲೆಯ ಒಂದು ಗೋಡೆಗೆ ಹಳದಿ, ಪಕ್ಕದ ಗೋಡೆಗೆ ಕೆಂಪು ಹಚ್ಚಿಸಿದೆ. ಬೆಳಿಗ್ಗೆ ಚೆನ್ನಾಗೇ ಇತ್ತು. ಸಂಜೆ ಐದಕ್ಕೆ ಬಿಸಿಲು ಬಿದ್ದ ಮೇಲೆ ಒಳಗೆ ನಿಲ್ಲಲು ಆಗಲಿಲ್ಲ, ಕಣ್ಣು ಉರಿದಂತಾಯಿತು. ಬಣ್ಣಗಳೇ ತಪ್ಪಾ, ನಾನು ಹಚ್ಚಿಸಿದ ರೀತಿ ತಪ್ಪಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಾಡಿಗೆಮನೆ, ಬೆಂಗಳೂರು

ನನಗೂ ಇದೇ ಬೇಕಿತ್ತು. ನಮ್ಮದು ಬಾಡಿಗೆ ಫ್ಲಾಟು, ಗೋಡೆ ಮುಟ್ಟುವ ಹಾಗಿಲ್ಲ. ಕಾಯ್ತಾ ಇರ್ತೀನಿ.

ಚಿತ್ತಾರದಂಗಳ, ಸಾಗರ

ಅಕ್ಕಾ, ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ನಾನು ಅದನ್ನು ನೋಡುತ್ತಲೇ ಬೆಳೆದವಳು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದ ಅಕ್ಕಿ. ಬ್ರಷ್ಷಿನ ಬದಲು ಪುಂಡಿ ನಾರು.

ಅದರಲ್ಲಿ ಯಾವ ಬಣ್ಣ ಎಷ್ಟಿದೆ ಅಂತ ಒಮ್ಮೆ ನೋಡಿ. ನೆಲೆ ಪೂರ್ತಿ ಕೆಂಪು. ಬಿಳಿ ಜಾಸ್ತಿ ಇದ್ದರೂ ಬರೀ ಗೆರೆ. ಹಳದಿ ಅಲ್ಲೊಂದು ಇಲ್ಲೊಂದು ಕಡೆ ಇಣುಕುತ್ತದೆ, ಅಷ್ಟೇ. ಮೂರಕ್ಕೂ ಸಮ ಪಾಲು ಕೊಟ್ಟ ಚಿತ್ತಾರವನ್ನು ನಾನಂತೂ ನೋಡಿಲ್ಲ.

ನೀವು ಕೆಂಪಿಗೆ ಒಂದು ಗೋಡೆ, ಹಳದಿಗೆ ಒಂದು ಗೋಡೆ ಕೊಟ್ಟಿದ್ದೀರಿ. ಒಂದೇ ಮನೆಗೆ ಇಬ್ಬರು ಯಜಮಾನರು ಬಂದ ಹಾಗಾಗಿದೆ. ನಿಮ್ಮ ಅಜ್ಜಿ ಮನೆಯನ್ನೇ ನೆನಪು ಮಾಡಿಕೊಳ್ಳಿ. ಗೋಡೆ ಎಲ್ಲಾ ಬಿಳಿ. ನೆಲ ಕೆಂಪು. ಹಳದಿ ಇದ್ದದ್ದು ಎಲ್ಲಿ? ಹೊಸ್ತಿಲಿನ ಮೇಲೆ ಮಾತ್ರ. ಹೊಸ್ತಿಲು ಎಷ್ಟು ಅಗಲ, ಒಂದು ಗೇಣು ಇದ್ದೀತು ಅಲ್ವಾ?

ಹೊಸ್ತಿಲು, ಧಾರವಾಡ

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ನಿಜ. ಹಳದಿ ಅಲ್ಲಿ ಒಂದು ಗೇಣೇ ಇತ್ತು. ನಾನು ಅದನ್ನು ಇಡೀ ಗೋಡೆಗೆ ಹಚ್ಚಿಸಿದೆ.

ಒಳಮನೆ ಕೆಲಸ, ಮೈಸೂರು

ಸಾಗರದವರು ಹೇಳಿದ್ದನ್ನೇ ನಮ್ಮ ಕಸುಬಿನಲ್ಲಿ 60-30-10 ಅಂತ ಹೇಳಿಕೊಡುತ್ತಾರೆ. ಒಂದು ಬಣ್ಣ ಕೋಣೆಯ ಅರವತ್ತು ಪಾಲು, ಇನ್ನೊಂದು ಮೂವತ್ತು, ಕೊನೆಯದು ಹತ್ತು. ಟೇಪ್ ಹಿಡಿದು ಅಳೆಯಬೇಕಾಗಿಲ್ಲ. ಆದರೆ ಮೂರಕ್ಕೂ ಒಂದೇ ಅಳತೆ ಕೊಡಬೇಡಿ.

ಹೆಚ್ಚಿನವರು ಮರೆಯುವ ಒಂದು ವಿಷಯ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಣ್ಣ ಅಂದರೆ ಡಬ್ಬಿಯಲ್ಲಿ ಬರುವುದು ಮಾತ್ರ ಅಲ್ಲ. ಸಾಗವಾನಿ ಬಾಗಿಲೂ ಒಂದು ಬಣ್ಣವೇ. ಹಲಸಿನ ಮರ ಹೊಸದರಲ್ಲಿ ಹಳದಿ ಇರುತ್ತದೆ, ವರ್ಷ ಕಳೆದಂತೆ ಕಂದು ಕೆಂಪಿಗೆ ತಿರುಗುತ್ತದೆ. ಹಿತ್ತಾಳೆ ದೀಪ, ಹಿತ್ತಾಳೆ ಹಿಡಿಕೆ, ತೂಗುಮಂಚದ ಸರಪಳಿ ಎಲ್ಲಾ ಹಳದಿಯ ಲೆಕ್ಕಕ್ಕೇ ಬರುತ್ತವೆ. ಬೆತ್ತದ ಕುರ್ಚಿ ಕೆನೆಗೂ ಹಳದಿಗೂ ನಡುವೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಇವೆಲ್ಲ ಮೊದಲೇ ಇರುತ್ತವೆ. ಅದರ ಮೇಲೆ ಗೋಡೆಗೂ ಹಳದಿ ಹಚ್ಚಿದರೆ ಹತ್ತು ಪಾಲು ನಲವತ್ತಾಗಿ ಬಿಡುತ್ತದೆ. ಮೊದಲು ಮನೆಗೆ ಬರುವ ಸಾಮಾನೆಲ್ಲ ಪಟ್ಟಿ ಮಾಡಿ. ಆಮೇಲೆ ಬಣ್ಣದ ಅಂಗಡಿಗೆ ಹೋಗಿ.

ಪೆಂಡಾಲಿನ ಮಾತಿಗೆ ಬರೋಣ. ನಿಮ್ಮ ಮನೆಯವರು ಹೇಳಿದ್ದರಲ್ಲಿ ಹುರುಳಿದೆ. ನಮ್ಮ ಬಾವುಟದ ಕೆಂಪು ಹಳದಿ ದೂರದಿಂದಲೇ ಕಾಣಲಿ ಅಂತ ಇರುವ ಬಣ್ಣ, ಅದು ಅಷ್ಟು ಗಾಢವಾಗಿಯೇ ಇರಬೇಕು. ದಿನಾ ಕೂತು ಏಳುವ ಕೋಣೆಗೆ ಅದೇ ಬಣ್ಣವನ್ನು ಒಂದೆರಡು ಹೆಜ್ಜೆ ಮಣ್ಣಿನ ಕಡೆಗೆ ತನ್ನಿ. ಕುಂಕುಮದ ಕೆಂಪು ಬೇಡ, ಹಂಚಿನ ಕೆಂಪು ಇರಲಿ. ಚೆಂಡುಹೂವಿನ ಹಳದಿ ಬೇಡ, ಸಾಸಿವೆ ಅರೆದಾಗ ಬರುವ ಹಳದಿ ಇರಲಿ. ಬಿಳಿಯೂ ಅಚ್ಚ ಬಿಳಿ ಬೇಡ. ನೀಲಿ ಛಾಯೆಯ ಬಿಳಿ ಇಟ್ಟರೆ ಕಾವಿಯ ಪಕ್ಕದಲ್ಲಿ ಆಸ್ಪತ್ರೆ ಗೋಡೆಯ ಹಾಗೆ ಕಾಣುತ್ತದೆ.

ಕೊನೆಗೆ ಒಂದು ಪರೀಕ್ಷೆ. ಮೂರು ಬಣ್ಣದ ತುಂಡನ್ನು ಪಕ್ಕ ಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಮೂರೂ ಬೇರೆ ಬೇರೆ ಬೂದಿ ಬಣ್ಣವಾಗಿ ಕಾಣಬೇಕು. ಎರಡು ಒಂದೇ ಥರ ಕಂಡರೆ ಅವು ಕೋಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮಂಕಾಗುತ್ತವೆ.

ಕರಣೆ-ಗಾರೆ, ಹಾವೇರಿ

ಕಾವಿ ನೆಲ ಹಾಕಿಸುತ್ತೀರಾ, ಟೈಲ್ಸಾ? ನೆಲವೇ ಅಂದರೆ ಇದನ್ನು ಕೇಳಿ. ನಮ್ಮ ತಂದೆಯ ಕಾಲದಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದೇವೆ.

ರೆಡ್ ಆಕ್ಸೈಡ್ ಪುಡಿ, ಸಿಮೆಂಟು ಎರಡನ್ನೂ ಒಂದು ಕೋಣೆಗೆ ಬೇಕಾದಷ್ಟು ಒಮ್ಮೆಲೇ ಒಣದಾಗಿ ಕಲಸಿ ಇಟ್ಟುಕೊಳ್ಳಬೇಕು. ಅರ್ಧಕ್ಕೆ ಮುಗಿದು ಮತ್ತೆ ಕಲಸಿದರೆ ಬಣ್ಣ ಬೇರೆ ಬರುತ್ತದೆ, ಆಮೇಲೆ ಏನು ಮಾಡಿದರೂ ಕೂಡುವುದಿಲ್ಲ. ಕೆಳಗಿನ ಕಾಂಕ್ರೀಟು ಹಸಿ ಇರುವಾಗಲೇ ಮೇಲಿನ ಪದರ ಬೀಳಬೇಕು. ಕರಣೆಯಿಂದ ಒತ್ತಿ ತಿಕ್ಕಿದಷ್ಟೂ ನುಣುಪು. ಕೋಣೆಯನ್ನು ಒಂದೇ ದಿನ, ಒಂದೇ ಕೈ ಮುಗಿಸಬೇಕು. ಆಮೇಲೆ ಕನಿಷ್ಠ ಒಂದು ವಾರ ನೀರು ನಿಲ್ಲಿಸಿ. ಇಲ್ಲಿ ಅವಸರ ಮಾಡಿದವರ ನೆಲವೇ ಬಿರುಕು ಬಿಡುವುದು. 14×12 ಪಡಸಾಲೆಗೆ ನಡುವೆ ಪಟ್ಟಿ ಕೊಟ್ಟು ಭಾಗ ಮಾಡುವುದು ಒಳ್ಳೆಯದು. ಆ ಪಟ್ಟಿಯನ್ನೇ ಹಳದಿ ಆಕ್ಸೈಡಿನಲ್ಲಿ ಮಾಡಿಸಿ. ಹಳೆ ಮನೆಗಳ ಕಾವಿ ನೆಲದಲ್ಲಿ ಹಳದಿ, ಕಪ್ಪು ಅಂಚು ನೀವೂ ನೋಡಿರುತ್ತೀರಿ.

ನೆಲ ಎಲ್ಲಾ ಕಡೆ ಒಂದೇ ಸಮ ಬರಲಿಲ್ಲ ಅಂತ ಬೇಜಾರಾಗಬೇಡಿ. ಮೋಡ ಕಟ್ಟಿದ ಹಾಗೆ ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಗಾಢ ಬಂದೇ ಬರುತ್ತದೆ. ಕೈಕೆಲಸದ ಗುರುತು ಅದು.

ಹೊಸ್ತಿಲು, ಧಾರವಾಡ

ಹಳದಿ ಪಟ್ಟಿಯ ಮಾತು ಬಹಳ ಹಿಡಿಸಿತು ಅಣ್ಣಾ. ಒಂದು ಸಂಶಯ. ಗೋಡೆಗೆ ಸುಣ್ಣವನ್ನೇ ಬಳಿಸಿ, ಒಂದು ಗೂಡಿಗೆ ಮಾತ್ರ ಸುಣ್ಣಕ್ಕೆ ಅರಿಶಿನ ಬೆರೆಸಿ ಹಚ್ಚಿದರೆ ಹೇಗೆ? ಅಜ್ಜಿಯ ಹೊಸ್ತಿಲಿನದೇ ಬಣ್ಣ ಸಿಗಬಹುದಾ?

ಕಡಲಹಂಚು, ಮಂಗಳೂರು

ಬೇಡ ಬೇಡ! ನಾನು ಇದನ್ನು ಮಾಡಿ ನೋಡಿದ್ದೇನೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಆರತಿಯ ಓಕುಳಿ ನೀರು ಮಾಡುವುದೇ ಹಾಗಲ್ವಾ? ಆ ನೆನಪು ನನಗೆ ಗೋಡೆ ಕೆಂಪಾದ ಮೇಲೆ ಬಂತು. ಅದೂ ಉಳಿಯಲಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಹಾರುತ್ತದೆ. ಕಿಟಕಿಯ ಕಡೆಯ ಭಾಗ ಕೆಲವೇ ವಾರಗಳಲ್ಲಿ ಪೇಲವವಾಗಿ ಹೋಯಿತು.

ಹೊಸ್ತಿಲಿಗೆ ಅರಿಶಿನ ಒಪ್ಪುತ್ತದೆ, ಯಾಕೆಂದರೆ ಅಲ್ಲಿ ದಿನಾ ಹೊಸದಾಗಿ ಹಚ್ಚುತ್ತೇವೆ. ಗೋಡೆಗೆ ಮಣ್ಣಿನ ಹಳದಿ, ಅಂದರೆ ಯೆಲ್ಲೋ ಆಕ್ಸೈಡ್ ತನ್ನಿ. ಸುಣ್ಣಕ್ಕೂ ಬಗ್ಗುವುದಿಲ್ಲ, ಬಿಸಿಲಿಗೂ ಬಗ್ಗುವುದಿಲ್ಲ. ಕಾವಿಯ ಕೆಂಪು, ಮಣ್ಣಿನ ಹಳದಿ ಎರಡೂ ಕಬ್ಬಿಣದ ಆಕ್ಸೈಡೇ. ಹಳದಿ ಮಣ್ಣನ್ನು ಚೆನ್ನಾಗಿ ಸುಟ್ಟರೆ ಅದರಲ್ಲಿರುವ ನೀರಿನಂಶ ಹೋಗಿ ಕೆಂಪಾಗುತ್ತದೆ. ಒಂದೇ ತಾಯಿಯ ಮಕ್ಕಳು ಇವು. ಜೊತೆಗೆ ಇಟ್ಟರೆ ಜಗಳ ಆಡದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕರಾವಳಿಯ ಕಾವಿ ಕಲೆಯನ್ನೂ ಒಮ್ಮೆ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಗೀರಿ ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಈಗಲೂ ಉಳಿದಿದೆ. ಹಂಚಿನ ಬಣ್ಣ ಬೇಕು ಅಂದರೆ ನಮ್ಮೂರಿನ ಹಂಚು ಇದ್ದೇ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಮೊದಲ ಕಾರ್ಖಾನೆ ಹಾಕಿದರು, ನೇತ್ರಾವತಿ ಗುರುಪುರ ನದಿಗಳ ಜೇಡಿ ಮಣ್ಣಿನಿಂದ ಹಂಚು ಮಾಡಿದರು. ಹಳೆ ಮನೆ ಕೆಡವಿದ ಕಡೆ ನಾಲ್ಕು ಹಂಚು ಸಿಕ್ಕರೆ ತಂದಿಟ್ಟುಕೊಳ್ಳಿ. ನಿಮ್ಮ ಕಾವಿ ಎಷ್ಟು ಗಾಢ ಇರಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಮಾದರಿ ಇಲ್ಲ.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಬರೀ ಬಿಸಿ ಬಣ್ಣವೇ ಸಾಕಾ? ನಮ್ಮ ಸೆಕೆಗೆ ನಾನು ಕೊನೆಗೆ ಒಂದು ಹಸಿರು ತಂದೆ.

ಒಳಮನೆ ಕೆಲಸ, ಮೈಸೂರು

ಕಡಲಹಂಚು ಸರ್, ಒಪ್ಪುತ್ತೇನೆ. ಆದರೆ ಆ ಹಸಿರನ್ನು ಡಬ್ಬಿಯಿಂದ ತರಬೇಡಿ. ಕಿಟಕಿಯ ಆಚೆ ಒಂದು ಕರಿಬೇವಿನ ಗಿಡ, ಒಳಗೆ ಒಂದು ಮನಿ ಪ್ಲಾಂಟ್ ಸಾಕು. ಕೆಂಪನ್ನು ತುಂಬಾ ಹೊತ್ತು ನೋಡಿ ಬಿಳಿ ಗೋಡೆ ಕಡೆ ತಿರುಗಿದರೆ ಕಣ್ಣಿಗೆ ಹಸಿರು ಛಾಯೆ ತಾನಾಗಿ ಕಾಣುತ್ತದೆ. ಗಿಡ ಆ ಕೆಲಸ ಮಾಡಲಿ.

ಧಾರವಾಡದ ಮೇಡಂ, ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಕೆನೆಯೇ ಇರಲಿ. ಸಂಜೆ ಬಿಸಿಲೇ ಅದಕ್ಕೆ ಹಳದಿ ಬಳಿದು ಹೋಗುತ್ತದೆ. ನೀವು ಕಾಸು ಕೊಡಬೇಕಾಗಿಲ್ಲ.

ಸಂಜೆದೀಪ, ದಾವಣಗೆರೆ

ಬಣ್ಣದ ಮಾತೆಲ್ಲ ಆಯಿತು, ದೀಪದ ಮಾತು ಯಾರೂ ಎತ್ತಲಿಲ್ಲ. ನಾನು ಎಲೆಕ್ಟ್ರಿಕಲ್ ಕೆಲಸದವನು. ನಮ್ಮಲ್ಲಿ ಜನ ಜಾಸ್ತಿ ಕೊಳ್ಳುವುದು 6500 ಕೆಲ್ವಿನ್ನಿನ ಬಿಳಿ ಟ್ಯೂಬು. ಕೆಲ್ವಿನ್ ಅಂದರೆ ಬೆಳಕಿನ ಛಾಯೆಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಅದರ ಕೆಳಗೆ ಕಾವಿ ಕಂದಾಗುತ್ತದೆ, ಸಾಸಿವೆ ಹಳದಿ ಹಸಿರು ಹಸಿರಾಗಿ ಕಾಣುತ್ತದೆ, ಕೆನೆ ಸಪ್ಪೆ ಬಿಳಿ ಆಗುತ್ತದೆ. ಹಗಲು ಇಷ್ಟಪಟ್ಟ ಬಣ್ಣ ರಾತ್ರಿ ಬೇರೆಯೇ ಆಗಿರುತ್ತದೆ.

ಪಡಸಾಲೆಗೂ ಮಲಗುವ ಕೋಣೆಗೂ 2700 ಅಥವಾ 3000 ಕೆಲ್ವಿನ್ ತೆಗೆದುಕೊಳ್ಳಿ. ಅಡುಗೆಮನೆಗೆ 4000 ಇರಲಿ, ಬೇಳೆಯಲ್ಲಿ ಕಲ್ಲು ಆರಿಸಬೇಕಲ್ಲ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಅದು 90ಕ್ಕಿಂತ ಮೇಲಿದ್ದರೆ ಬಣ್ಣ ಇದ್ದ ಹಾಗೆ ಕಾಣುತ್ತದೆ. ಕೆಂಪಿಗಂತೂ ಇದು ಬೇಕೇ ಬೇಕು.

ಇನ್ನೊಂದು, ಎರಡು ಅಡಿ ಚೌಕದ ರಟ್ಟಿಗೆ ಎರಡು ಕೋಟು ಬಣ್ಣ ಹಚ್ಚಿ ಇಟ್ಟುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಗೋಡೆಗೆ ಆನಿಸಿ ನೋಡಿ. ಇಡೀ ಗೋಡೆಗೆ ಹಚ್ಚಿ ಅಳಿಸುವ ಖರ್ಚು ಉಳಿಯುತ್ತದೆ.

ಕೊಂಡಿಸೆರಗು, ಬಾಗಲಕೋಟೆ

ಸೀರೆ ವಿಷಯಕ್ಕೆ ನಾನು ಬಂದೆ.

ಅಕ್ಕಾರ, ಧಾರವಾಡದಲ್ಲಿ ಇದ್ದು ಬೇರೆ ಸೀರೆ ಯಾಕೆ ಹುಡುಕುತ್ತೀರಿ? ಇಳಕಲ್ ಸೀರೆಯ ಟೋಪ ತೆನಿ ಸೆರಗು ಹೇಗಿರುತ್ತದೆ? ಕೆಂಪು, ಅದರ ಮೇಲೆ ಬಿಳಿ ಗೋಪುರದ ಸಾಲು. ನಿಮ್ಮ ಎರಡು ಬಣ್ಣ ಅಲ್ಲೇ ಬಂದವು. ಒಡಲು ಸಾಸಿವೆ ಹಳದಿ ತೆಗೆದುಕೊಂಡರೆ ಮೂರೂ ಒಂದೇ ಸೀರೆಯಲ್ಲಿ ಸಿಗುತ್ತವೆ. ಒಡಲಿನ ಹಾಸನ್ನೂ (ಉದ್ದದ ಎಳೆ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಹಳದಿ ನಿಂತು ಕೆಂಪು ಶುರುವಾಗುವ ಜಾಗ ಅದಕ್ಕೇ ಅಷ್ಟು ಖಡಕ್ಕಾಗಿ ಕಾಣುವುದು. ಅಂಚಿನ ವಿನ್ಯಾಸಕ್ಕೆ ಗೋಮಿ ಚೆಂದ, ಚಿಕ್ಕಿ ಪರಾಸೂ ಚೆಂದ. ನಿಮ್ಮ ಊರಿನ ಕಸೂತಿ ಬೇಕು ಅಂದರೆ ಕೆನೆ ಬಣ್ಣದ ದಾರದಲ್ಲಿ ಸಣ್ಣ ಗವಂತಿ ಹೊಲಿಗೆ ಹಾಕಿಸಿ. ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ.

ಇಲ್ಲಿ ಒಂದು ಮಾತು ಮನಸ್ಸಿಟ್ಟು ಕೇಳಿ. ಮನೆಯಲ್ಲಿ ಕೆನೆ ಯಜಮಾನ ಅಂತ ಆಯಿತಲ್ಲ? ಹಾಗಾದರೆ ಸೀರೆಯಲ್ಲಿ ಕೆನೆ ಯಜಮಾನ ಆಗಬಾರದು. ಕೆನೆ ಗೋಡೆ ಮುಂದೆ ಕೆನೆ ಸೀರೆ ಉಟ್ಟು ನಿಂತರೆ ಫೋಟೊದಲ್ಲಿ ಮುಖ ಮಾತ್ರ ತೇಲುತ್ತದೆ. ಕಾವಿ ನೆಲದ ಮೇಲೆ ಕಾವಿ ಸೀರೆ ಉಟ್ಟು ಕೂತರೂ ಅಷ್ಟೇ. ಗೋಡೆಯಲ್ಲಿ ಯಾವುದು ಕಡಿಮೆಯೋ ಮೈಮೇಲೆ ಅದು ಜಾಸ್ತಿ ಇರಲಿ. ನಿಮಗೆ ಹಳದಿ ಒಡಲು. ನಿಮ್ಮ ಮನೆಯವರಿಗೆ ಕೆನೆ ಪಂಚೆ, ಕಾವಿ ಅಂಚಿನ ಶಲ್ಯ. ಮಕ್ಕಳಿಗೆ ಬಣ್ಣ ಹೊಂದಿಸಲು ಹೋಗಬೇಡಿ, ಅವರು ಇಷ್ಟಪಟ್ಟದ್ದು ಹಾಕಿಕೊಳ್ಳಲಿ.

ಹತ್ತಿಯ ಹಳದಿ, ರೇಷ್ಮೆಯ ಹಳದಿ ಒಂದೇ ಅಲ್ಲ. ರೇಷ್ಮೆ ಹೊಳೆಯುವುದರಿಂದ ಒಂದು ಛಾಯೆ ತಿಳಿ ಕಾಣುತ್ತದೆ. ಅಂಗಡಿಯ ಬಿಳಿ ದೀಪದಲ್ಲಿ ಆರಿಸಬೇಡಿ, ಬಾಗಿಲ ಹೊರಗೆ ತಂದು ನೋಡಿ. ಕೊಡುವುದಿಲ್ಲ ಅಂತ ಯಾರೂ ಅನ್ನುವುದಿಲ್ಲ.

ಹೊಸ್ತಿಲು, ಧಾರವಾಡ

ಅಕ್ಕಾರ, ನಮ್ಮ ಅವ್ವನ ಪೆಟ್ಟಿಗೆಯಲ್ಲಿ ಒಂದು ಇಳಕಲ್ ಸೀರೆ ಇದೆ. ಒಡಲು ಹಳದಿಯೇ. ಇಷ್ಟು ದಿನ ಅದು ನೆನಪಿಗೇ ಬಂದಿರಲಿಲ್ಲ.

ಪತ್ರಿಕೆ ಒಂದು ಉಳಿಯಿತು. ನಾನೇ ಫೋನಿನಲ್ಲಿ ಮಾಡಿದೆ. ಕೆನೆ ಹಿನ್ನೆಲೆ, ಹಳದಿ ಅಕ್ಷರ. ನಮ್ಮ ಮಾವನವರಿಗೆ ಓದಲು ಆಗಲಿಲ್ಲ.

ಅಚ್ಚುಕೂಟ, ಗದಗ

ಆಗುವುದಿಲ್ಲ ಮೇಡಂ, ಅದು ಅವರ ಕಣ್ಣಿನ ತಪ್ಪಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ. ಪರದೆಯ ಬಣ್ಣವನ್ನು ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಮೂರು ಸಂಖ್ಯೆಯಲ್ಲಿ ಬರೆಯುತ್ತಾರೆ. ಕೆನೆಗೆ 250, 243, 224. ಸಾಸಿವೆಗೆ 212, 160, 23. ಕಾವಿಗೆ 140, 58, 43 ಅಂತ ಇಟ್ಟುಕೊಳ್ಳಿ. ಪರದೆಯ ಮೇಲೆ ಸಾಮಾನ್ಯ ಗಾತ್ರದ ಅಕ್ಷರ ಸುಲಭವಾಗಿ ಓದಲು ಹಿನ್ನೆಲೆಗೂ ಅಕ್ಷರಕ್ಕೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು. ಇದು ಜಾಲತಾಣ ಮಾಡುವವರು ಪಾಲಿಸುವ ನಿಯಮ. ಕೆನೆಯ ಮೇಲೆ ಸಾಸಿವೆ ಬರುವುದು ಸುಮಾರು 2.1. ಕೆನೆಯ ಮೇಲೆ ಕಾವಿ ಸುಮಾರು 6.9. ಕಾವಿಯ ಮೇಲೆ ಸಾಸಿವೆ 3.2ರ ಹತ್ತಿರ. ಅದು ದಪ್ಪ ತಲೆಬರಹಕ್ಕೆ ಸರಿ, ಸಣ್ಣ ಅಕ್ಷರಕ್ಕೆ ಸಾಲದು. ಕನ್ನಡದಲ್ಲಿ ಒತ್ತಕ್ಷರ ಬೇರೆ ಕೆಳಗೆ ಸಣ್ಣದಾಗಿ ಕೂರುತ್ತದೆ. ಬಣ್ಣ ತೆಳುವಾದರೆ ಮೊದಲು ಮಾಯವಾಗುವುದು ಅದೇ.

ಹಾಗಾಗಿ ಅಕ್ಷರ ಎಲ್ಲಾ ಕಾವಿಯಲ್ಲಿ. ಹಳದಿ ಒಂದು ಗೆರೆ, ಒಂದು ತೋರಣ, ಅಷ್ಟು ಸಾಕು.

ಅಚ್ಚು ಹಾಕಿಸುವುದಾದರೆ ಬಿಳಿ ಕಾಗದದ ಮೇಲೆ ಕೆನೆ ಬಣ್ಣ ಅಚ್ಚು ಮಾಡಿಸಬೇಡಿ. ಕೆನೆ ಕಾಗದವನ್ನೇ ತೆಗೆದುಕೊಳ್ಳಿ. ಆಗ ಎರಡೇ ಶಾಯಿ, ಮೂರು ಬಣ್ಣ. ಆಫ್‌ಸೆಟ್ಟಿನಲ್ಲಿ ಖರ್ಚೂ ಕಡಿಮೆ. ಹೊಳಪಿಲ್ಲದ ಕಾಗದ ಶಾಯಿ ಕುಡಿಯುತ್ತದೆ, ಬಣ್ಣ ಒಂದು ಹೆಜ್ಜೆ ಮಂಕಾಗುತ್ತದೆ. ಕಾವಿಗೆ ಅದು ಒಳ್ಳೆಯದೇ, ಮಣ್ಣಿನ ಗುಣ ಬರುತ್ತದೆ. ಲಕೋಟೆ ಪೂರ್ತಿ ಕಾವಿ ಇರಲಿ. ತೆಗೆದಾಗ ಒಳಗಿಂದ ಕೆನೆ ಕಾರ್ಡು ಬರುತ್ತದೆ. ಚಿನ್ನದ ಫಾಯಿಲ್ ಹಾಕಿಸಿ ಅಂತ ಅಂಗಡಿಯವರು ಹೇಳೇ ಹೇಳುತ್ತಾರೆ. ದಯವಿಟ್ಟು ಬೇಡ. ನಿಮ್ಮ ಹಳದಿಯ ಬೆಲೆ ಹೋಗಿಬಿಡುತ್ತದೆ.

ಬಾಡಿಗೆಮನೆ, ಬೆಂಗಳೂರು

ನನ್ನ ಕಡೆಯಿಂದ ಒಂದು ಸುದ್ದಿ. ಗೋಡೆ ಓನರ್ ಬಳಿಸಿದ ಬಿಳಿ, ಹಾಗೇ ಇದೆ. ಬಲ್ಬು 3000 ಕೆಲ್ವಿನ್‌ಗೆ ಬದಲಾಯಿಸಿದೆ, ಗೋಡೆ ತಾನಾಗೇ ಕೆನೆಯಾಯಿತು! ಕಾವಿಗೆ ಒಂದು ಜಮಖಾನ, ಎರಡು ಮಣ್ಣಿನ ಕುಂಡ. ಹಳದಿಗೆ ಚನ್ನಪಟ್ಟಣದ ಅರಗಿನ ಬೊಂಬೆ ಮೂರು, ಶೆಲ್ಫಿನ ಮೇಲೆ. ಮನೆ ಬಿಡುವ ದಿನ ಎಲ್ಲಾ ಕಟ್ಟಿಕೊಂಡು ಹೋಗಬಹುದು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೊಸ್ತಿಲು, ಧಾರವಾಡ

ಗೃಹಪ್ರವೇಶ ಆಯಿತು. ನಿಮಗೆಲ್ಲ ಹೇಳದೆ ಇದ್ದರೆ ತಪ್ಪಾಗುತ್ತದೆ.

ಗೋಡೆ ನಾಲ್ಕೂ ಕೆನೆ. ನೆಲ ಕಾವಿ, ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಹಳದಿ ಪಟ್ಟಿ. ಮೋಡ ಮೋಡವಾಗಿಯೇ ಬಂದಿದೆ. ನಮ್ಮ ಮನೆಯವರು ಮೊದಲು ಮುಖ ಸಣ್ಣ ಮಾಡಿದರು, ಈಗ ಊಟ ಆದ ಮೇಲೆ ಅಲ್ಲೇ ಮಲಗುತ್ತಾರೆ. ದೇವರ ಗೂಡಿನ ಒಳಗೆ ಮಾತ್ರ ಯೆಲ್ಲೋ ಆಕ್ಸೈಡ್ ಬೆರೆಸಿದ ಸುಣ್ಣ. ಸಂಜೆ ಐದಕ್ಕೆ ನಾನು ಬೇಕು ಅಂತಲೇ ಪಡಸಾಲೆಯಲ್ಲಿ ಹೋಗಿ ನಿಂತೆ. ಪಶ್ಚಿಮದ ಬಿಸಿಲು ಎದುರು ಗೋಡೆಗೆ ಬಿದ್ದು ಅದೊಂದು ಹೊತ್ತು ಪೂರ್ತಿ ಹಳದಿಯಾಯಿತು, ಆರೂವರೆಗೆ ಮತ್ತೆ ಕೆನೆ. ಕಣ್ಣು ಉರಿಯಲಿಲ್ಲ.

ಅವ್ವನ ಸೀರೆ ಉಟ್ಟಿದ್ದೆ. ಪತ್ರಿಕೆಯನ್ನು ಮಾವನವರು ಕನ್ನಡಕ ಇಲ್ಲದೆ ಓದಿ, ಒಂದು ಪ್ರತಿಯನ್ನು ದೇವರ ಮುಂದೆ ಇಟ್ಟಿದ್ದಾರೆ.

ಹೊಸ್ತಿಲು ಸಾಗವಾನಿ. ಬೆಳಿಗ್ಗೆ ಅವ್ವ ಬಂದು ಅರಿಶಿನ ಹಚ್ಚಿದಳು. ಮರ ಇನ್ನೂ ಹೊಸದು, ಸರಿಯಾಗಿ ಹಿಡಿಯಲಿಲ್ಲ. "ಹಚ್ಚತಾ ಹಚ್ಚತಾ ಹಿಡೀತದ" ಅಂದಳು.

ಕರಣೆ ಅಣ್ಣಾ, ನೆಲಕ್ಕೆ ಎಣ್ಣೆ ಯಾವಾಗ ಹಾಕಬೇಕು?

ಕರಣೆ-ಗಾರೆ, ಹಾವೇರಿ

ಬಹಳ ಸಂತೋಷ ತಂಗಿ. ಈಗಲೇ ಬೇಡ, ಇನ್ನೊಂದು ತಿಂಗಳು ಬರೀ ನೀರಿನಲ್ಲಿ ಒರೆಸಿ. ಆಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ. ನಾಲ್ಕೇ ಹನಿ. ಜಾಸ್ತಿ ಆದರೆ ಮಾವನವರು ಜಾರುತ್ತಾರೆ. ಬಾಗಿಲ ಹೊರಗೆ ಒಂದು ಕಾಲೊರಸು ಹಾಕಿಡಿ. ಚಪ್ಪಲಿಯ ಮರಳು ಒಳಗೆ ಬಂದರೆ ನೆಲಕ್ಕೆ ಗೀರು ಬೀಳುತ್ತದೆ.